ಯಾರಿಗೆ ಯಾವ ಚೆಕ್? ಬೇರರ್, ಅಕೌಂಟ್ ಪೇಯಿ, ಡಿಡಿ, ಆರ್‌ಟಿಜಿಎಸ್: ಒಂದು ಹೋಲಿಕೆ

ಕಳೆದ ಜನವರಿಯಲ್ಲಿ ಒಂದೇ ವಾರ ಐದು ಕಡೆ ದುಡ್ಡು ಕೊಡಬೇಕಾಗಿ ಬಂತು. ತೋಟದ ಕೆಲಸದವರ ಬಟವಾಡೆ, ಗೊಬ್ಬರದ ಅಂಗಡಿಯ ಬಾಕಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿ ಮಾಡಿದವರ ಕೂಲಿ, ಮಗಳ ಕಾಲೇಜಿಗೊಂದು ಡಿಡಿ (ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್), ಪಕ್ಕದ ಒಂದೆಕರೆಗೆ ಮುಂಗಡ. ಚಿಕ್ಕಮಗಳೂರಿನ ಆಲ್ದೂರಿನ ಕಡೆ ಚಿಕ್ಕ ಕಾಫಿ ತೋಟ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಥೆಯೇ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ, ದುಡ್ಡು ಬರುವ ಮುಂಚೆಯೇ ಹೋಗುವ ದಾರಿಗಳೆಲ್ಲ ತೆರೆದುಕೊಳ್ಳುತ್ತವೆ.

ಚೆಕ್ ಬುಕ್ ಒಂದೇ ಇದ್ದರೂ ಐದು ಜನಕ್ಕೂ ಒಂದೇ ಥರ ಬರೆದುಕೊಟ್ಟರೆ ಆಗುವುದಿಲ್ಲ. ಪೆನ್ನು ಕೈಗೆತ್ತಿಕೊಳ್ಳುವ ಮುಂಚೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕಾಗದ ದಾರಿಯಲ್ಲಿ ಬೇರೆ ಯಾರಿಗೋ ಸಿಕ್ಕರೆ ಅವರು ಏನು ಮಾಡಬಹುದು? ಯಾವ ಚೆಕ್ ಬರೆಯಬೇಕು, ಅಥವಾ ಚೆಕ್ಕೇ ಬೇಡವೇ ಅನ್ನುವುದು ಆ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ.

ಬಟವಾಡೆ: ಬೇರರ್ ಅಥವಾ ಆರ್ಡರ್?

ಕೆಲಸದವರಲ್ಲಿ ಕೆಲವರಿಗೆ ಈಗ ಖಾತೆಗೇ ಹಾಕುತ್ತೇವೆ. ಆದರೂ ವಾರದ ಬಟವಾಡೆಗೆ ನಗದು ಬೇಕೇ ಬೇಕು. ನಗದು ತೆಗೆಯಲು ನಾವೇ ಬ್ಯಾಂಕಿಗೆ ಹೋದರೆ ಹೆಸರಿನ ಜಾಗದಲ್ಲಿ ‘ಸೆಲ್ಫ್’ ಎಂದು ಬರೆದರೆ ಸಾಕು. ತೊಂದರೆ ಇರುವುದು ರೈಟರನ್ನು, ಅಂದರೆ ತೋಟದ ಲೆಕ್ಕ ನೋಡಿಕೊಳ್ಳುವವರನ್ನು, ಕಳಿಸುವಾಗ. ತುಂಬಾ ತೋಟಗಳಲ್ಲಿ ಆಗಲೂ ‘ಸೆಲ್ಫ್’ ಚೆಕ್ಕನ್ನೇ ಬರೆದುಕೊಡುತ್ತಾರೆ.

ಹೆಸರಿನ ಗೆರೆಯ ಕೊನೆಯಲ್ಲಿ ‘ಆರ್ ಬೇರರ್’ ಎಂದು ಅಚ್ಚಾಗಿರುವುದನ್ನು ನೋಡಿರುತ್ತೀರಿ. ಅದನ್ನು ಹೊಡೆದುಹಾಕದೆ ಬಿಟ್ಟರೆ ಚೆಕ್ಕನ್ನು ತಂದವರಿಗೆ ಬ್ಯಾಂಕು ದುಡ್ಡು ಕೊಡಬಹುದು. ಬಸ್ಸಿನಲ್ಲಿ ರೈಟರ್ ಜೇಬಿನಿಂದ ಬಿದ್ದರೆ, ಅದನ್ನು ಎತ್ತಿಕೊಂಡವರು ನೇರ ಕೌಂಟರಿಗೆ ಹೋಗಬಹುದು. ಸಹಿ ಮಾಡಿದ ಬೇರರ್ ಚೆಕ್ ಹೆಚ್ಚು ಕಡಿಮೆ ನೋಟಿನ ಹಾಗೆ.

ಅದರ ಬದಲು ರೈಟರ್ ಹೆಸರನ್ನೇ ಬರೆಯಿರಿ. ‘ಆರ್ ಬೇರರ್’ ಮೇಲೆ ಒಂದು ಗೆರೆ ಎಳೆಯಿರಿ. ಆಗ ಅದು ಆರ್ಡರ್ ಚೆಕ್ ಆಗುತ್ತದೆ. ಕೌಂಟರಿನಲ್ಲಿ ಅವರು ಗುರುತಿನ ಚೀಟಿ ತೋರಿಸಿ, ಹಿಂಬದಿಯಲ್ಲಿ ಸಹಿ ಮಾಡಿ ದುಡ್ಡು ತೆಗೆದುಕೊಳ್ಳುತ್ತಾರೆ. ಅವರಿಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೆ. ರೈಟರ್ ಎಷ್ಟೇ ನಂಬಿಕಸ್ಥರಾಗಿರಲಿ, ಇದನ್ನು ಅವರ ಒಳ್ಳೆಯದಕ್ಕೂ ಮಾಡಬೇಕು. ಚೆಕ್ ಕಳೆದುಹೋದರೆ ಮೊದಲು ಅನುಮಾನ ಬರುವುದು ಅವರ ಮೇಲೆಯೇ, ಅಲ್ವಾ?

ನಾನು ಬೇರರ್ ಆಗಿ ಬಿಡುವುದು ಒಂದೇ ಸಂದರ್ಭದಲ್ಲಿ. ನಾನೇ ಬ್ಯಾಂಕಿನ ಒಳಗೆ ನಿಂತು, ಅಲ್ಲೇ ಸಹಿ ಮಾಡಿ, ಅಲ್ಲೇ ಕೊಡುವಾಗ.

ಅಕೌಂಟ್ ಪೇಯಿ: ಉಳಿದ ಎಲ್ಲದಕ್ಕೂ ಇದೇ

ಎಡಗಡೆ ಮೇಲಿನ ಮೂಲೆಯಲ್ಲಿ ಎರಡು ಓರೆ ಗೆರೆ ಎಳೆದರೆ ಚೆಕ್ ಕ್ರಾಸ್ ಆಯಿತು. ಇನ್ನು ಕೌಂಟರಿನಲ್ಲಿ ನಗದು ಸಿಗುವುದಿಲ್ಲ, ಯಾವುದಾದರೂ ಖಾತೆಗೇ ಹೋಗಬೇಕು. ಆದರೆ ಯಾರ ಖಾತೆಗೆ? ಬರೀ ಎರಡು ಗೆರೆ ಎಳೆದರೆ, ಪಡೆದವರು ಹಿಂದೆ ಸಹಿ ಹಾಕಿ ಬೇರೆಯವರಿಗೆ ದಾಟಿಸುವ ದಾರಿ ಇನ್ನೂ ಉಳಿದಿರುತ್ತದೆ. ಆ ಗೆರೆಗಳ ನಡುವೆ ‘ಅಕೌಂಟ್ ಪೇಯಿ’ ಎಂದು ಬರೆದರೆ ಆ ದಾರಿಯೂ ಮುಚ್ಚುತ್ತದೆ. ಹೆಸರಿದ್ದವರ ಖಾತೆಗೆ ಬಿಟ್ಟು ಬೇರೆ ಯಾರ ಖಾತೆಗೂ ಅದನ್ನು ಹಾಕಿಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ.

ಹಾಗಾಗಿ ಬರೀ ಕ್ರಾಸ್ ಮಾಡಿ ಬಿಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಗೆರೆ ಎಳೆದ ಕೈಯಲ್ಲೇ ಆ ಎರಡು ಪದ ಬರೆಯಲು ಏನು ಕಷ್ಟ? ಅಂಚೆಯಲ್ಲಿ ಕಳಿಸುವುದಾದರಂತೂ ಬರೆಯಲೇಬೇಕು.

ಇಲ್ಲಿ ಹೆಸರು ಸರಿಯಾಗಿರುವುದು ಮುಖ್ಯ. ಊರಲ್ಲಿ ಎಲ್ಲರೂ ‘ಮಂಜಣ್ಣ’ ಎಂದು ಕರೆಯುವವರ ಪಾಸ್‌ಬುಕ್ಕಿನಲ್ಲಿ ‘ಮಂಜುನಾಥ’ ಎಂದಿರುತ್ತದೆ. ಕರೆಯುವ ಹೆಸರು ಬರೆದುಕೊಟ್ಟರೆ ಚೆಕ್ ವಾಪಸ್ ಬರಬಹುದು. ಪಲ್ಪರ್ ರಿಪೇರಿಯವರಿಗೆ ಕೊಡುವಾಗ ನಾನು ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಕಳಿಸಲು ಹೇಳಿದೆ. ಅಂಗಡಿಗಾದರೆ ಬಿಲ್ಲಿನ ಮೇಲಿರುವ ಅಂಗಡಿಯ ಹೆಸರಿಗೆ ಬರೆಯಬೇಕು, ಮಾಲೀಕರ ಹೆಸರಿಗಲ್ಲ. ನಾಳೆ ಲೆಕ್ಕದಲ್ಲಿ ತಕರಾರು ಬಂದರೆ ‘ನೀವು ಕೊಟ್ಟಿದ್ದು ಅಂಗಡಿಯ ಬಾಕಿಗಲ್ಲ’ ಎಂದು ಯಾರೂ ಹೇಳುವ ಹಾಗಿರಬಾರದು.

ಬರೆಯುವ ಕೆಲಸ

ರಿಪೇರಿಯವರಿಗೆ ಕೊಡಬೇಕಿದ್ದದ್ದು 8,000 ರೂಪಾಯಿ. ಇದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಕ್ಷರದ ಗೆರೆಯಲ್ಲಿ ‘ಎಂಟು ಸಾವಿರ’ ಎಂದು ನಡುವಿನಿಂದ ಶುರು ಮಾಡಿದಿರಿ ಎಂದುಕೊಳ್ಳಿ. ಎಡಗಡೆ ಖಾಲಿ ಉಳಿಯಿತು. ಅಂಕಿಯ ಚೌಕದಲ್ಲೂ 8,000 ಎಂಬುದನ್ನು ಬಲಕ್ಕೆ ಸರಿಸಿ ಬರೆದಿರಿ. ಈಗ ಮುಂದೆ ‘ಒಂದು ಲಕ್ಷದ’ ಎಂದು ಸೇರಿಸಿ, ಅಂಕಿಯ ಮುಂದೆ ‘1,0’ ಎಂದು ಬರೆದರೆ ಸಾಕು. ನಿಮ್ಮ ಚೆಕ್ 1,08,000 ರೂಪಾಯಿಯದಾಗುತ್ತದೆ. ಒಂದು ಅಕ್ಷರವನ್ನೂ ಅಳಿಸಿಲ್ಲ, ತಿದ್ದಿಲ್ಲ. ನೋಡಿದವರಿಗೆ ಗುಮಾನಿಯೂ ಬರುವುದಿಲ್ಲ.

ಅದಕ್ಕೇ ಗೆರೆಯ ಎಡತುದಿಯಿಂದಲೇ ಶುರು ಮಾಡಬೇಕು. ಕೊನೆಗೆ ‘ಮಾತ್ರ’ ಎಂದು ಬರೆದು, ಉಳಿದ ಜಾಗಕ್ಕೆ ಗೆರೆ ಎಳೆಯಬೇಕು. ಅಂಕಿಯನ್ನು ರೂಪಾಯಿ ಗುರುತಿಗೆ ಅಂಟಿಸಿ ಬರೆದು, ಕೊನೆಗೆ ‘/-’ ಹಾಕಬೇಕು. ಹೆಸರಿನ ಮುಂದೆ ಉಳಿದ ಜಾಗಕ್ಕೂ ಒಂದು ಗೆರೆ.

ಅಂಕಿ ಒಂದು, ಅಕ್ಷರ ಇನ್ನೊಂದು ಇದ್ದರೆ ಏನಾಗುತ್ತದೆ? 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಅಕ್ಷರದಲ್ಲಿ ಬರೆದದ್ದೇ ಲೆಕ್ಕ. ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಂಥ ಚೆಕ್ಕನ್ನು ವಾಪಸ್ ಕಳಿಸುತ್ತವೆ.

ಚೆಕ್ಕನ್ನು ಕನ್ನಡದಲ್ಲೇ ಬರೆಯಬಹುದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಮೊದಲೆಲ್ಲ ಯಾರೋ ಬರೆದುಕೊಟ್ಟ ಚೆಕ್ಕಿಗೆ ಸಹಿ ಮಾತ್ರ ಹಾಕುತ್ತಿದ್ದರು. ಎಷ್ಟು ಬರೆದಿದ್ದಾರೆ ಎಂದು ಅವರಿಗೆ ಓದಲು ಬರುತ್ತಿರಲಿಲ್ಲ. ಈಗ ತಾವೇ ಕನ್ನಡದಲ್ಲಿ ಬರೆಯುತ್ತಾರೆ. ಓದಲು ಬರುವ ಭಾಷೆಯಲ್ಲಿ ಬರೆಯುವುದಕ್ಕಿಂತ ದೊಡ್ಡ ಸುರಕ್ಷತೆ ಯಾವುದಿದೆ?

ತಪ್ಪಾದರೆ ತಿದ್ದಬೇಡಿ. ಮೊದಲು ತಿದ್ದಿದ ಕಡೆ ಸಹಿ ಹಾಕಿದರೆ ನಡೆಯುತ್ತಿತ್ತು. ಈಗ ಚೆಕ್ಕಿನ ಚಿತ್ರವನ್ನು ನೋಡಿ ಕ್ಲಿಯರಿಂಗ್ (ಬ್ಯಾಂಕುಗಳ ನಡುವೆ ಚೆಕ್ ಪಾಸ್ ಮಾಡುವ ಕೆಲಸ) ಮಾಡುತ್ತಾರೆ. ಹೆಸರು, ಮೊತ್ತ ತಿದ್ದಿದ್ದರೆ ಸಹಿ ಇದ್ದರೂ ಪಾಸ್ ಆಗುವುದಿಲ್ಲ. ಹಾಳೆಗೆ ಅಡ್ಡ ಗೆರೆ ಎಳೆದು ‘ಕ್ಯಾನ್ಸಲ್’ ಎಂದು ಬರೆದು ಹೊಸದು ತೆಗೆದುಕೊಳ್ಳಿ.

ಪೆನ್ನು ನಿಮ್ಮದೇ ಇರಲಿ, ನೀಲಿ ಅಥವಾ ಕಪ್ಪು ಬಾಲ್ ಪೆನ್. ಅಳಿಸಿಹೋಗುವ ಶಾಯಿಯ ಪೆನ್ನು ಕೊಟ್ಟು ಚೆಕ್ ಬರೆಸಿಕೊಂಡು ಮೋಸ ಮಾಡುವವರಿದ್ದಾರೆ. ಕೆಳಗಿನ ಬಿಳಿ ಪಟ್ಟಿಯ ಮೇಲೆ ಏನೂ ಬರೆಯಬೇಡಿ. ಸಹಿಯ ಬಾಲವೂ ಅಲ್ಲಿಗೆ ಇಳಿಯಬಾರದು. ಯಂತ್ರ ಓದುವ ಅಂಕಿಗಳು ಇರುವುದು ಅಲ್ಲೇ. ಇನ್ನೊಂದು ನಮ್ಮ ಮಲೆನಾಡಿನ ಮಾತು: ಜೂನ್‌ನಿಂದ ಸೆಪ್ಟೆಂಬರ್ ತನಕ ಚೆಕ್ ಬುಕ್ಕನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಥಂಡಿ ಹಿಡಿದ ಹಾಳೆಯ ಮೇಲೆ ಶಾಯಿ ಹರಡುತ್ತದೆ.

ಗೊಬ್ಬರದ ಅಂಗಡಿ: ಇವತ್ತಿನ ತಾರೀಖು, ಮುಂದಿನ ತಾರೀಖು, ಯುಪಿಐ

ಬಾಕಿ 38,500 ರೂಪಾಯಿ ಇತ್ತು. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ತನಕ ಕಳಿಸಬಹುದು, ಹಾಗಾಗಿ ಅದೇ ಸುಲಭ. ದುಡ್ಡು ಖಾತೆಯಲ್ಲಿ ಇದ್ದು, ನೆಟ್‌ವರ್ಕ್ ಸಿಗುತ್ತಿದ್ದರೆ ಈ ಮೊತ್ತಕ್ಕೆ ಚೆಕ್ ಬರೆಯುವ ಅಗತ್ಯವೇ ಇಲ್ಲ. ಆದರೆ ದುಡ್ಡು ಇರಲಿಲ್ಲ. ಅಂಗಡಿಯವರು, ‘ಫೆಬ್ರವರಿ ತಾರೀಖು ಹಾಕಿ ಒಂದು ಚೆಕ್ ಕೊಟ್ಟಿರಿ ಸಾರ್, ಕಾಫಿ ಮಾರಿದ ಮೇಲೆ ಹಾಕ್ಕೊಳ್ತೀವಿ’ ಅಂದರು.

ಮುಂದಿನ ತಾರೀಖಿನ ಚೆಕ್ ಕೊಡುವುದು ತಪ್ಪಲ್ಲ. ಆ ದಿನಕ್ಕೆ ಮುಂಚೆ ಬ್ಯಾಂಕು ಅದನ್ನು ಪಾಸ್ ಮಾಡುವುದಿಲ್ಲ. ಆ ದಿನದಿಂದ ಮೂರು ತಿಂಗಳ ತನಕ ಯಾವತ್ತು ಬೇಕಾದರೂ ಅದು ಬ್ಯಾಂಕಿಗೆ ಬರಬಹುದು. (ಮೊದಲು ಆರು ತಿಂಗಳಿತ್ತು. 2012ರ ಏಪ್ರಿಲ್ 1ರಿಂದ ಮೂರು ತಿಂಗಳಾಯಿತು.) ಆ ಮೂರೂ ತಿಂಗಳು ಆ ದುಡ್ಡು ಖಾತೆಯಲ್ಲಿ ಕಾಯುತ್ತಿರಬೇಕು. ‘ಹಾಕುವ ಮುಂಚೆ ಫೋನ್ ಮಾಡ್ತೀವಿ’ ಎಂಬುದು ಬಾಯಿಮಾತು. ಚೆಕ್ಕಿಗೆ ಅದು ಗೊತ್ತಿಲ್ಲ.

ಇನ್ನೊಂದು ಬದಲಾವಣೆಯೂ ಆಗಿದೆ. ಮೊದಲು ಚೆಕ್ ಹಾಕಿದ ಮೇಲೆ ಒಂದೆರಡು ದಿನ ಸಿಗುತ್ತಿತ್ತು. ಅಷ್ಟರಲ್ಲಿ ಎಲ್ಲಿಂದಲೋ ದುಡ್ಡು ಹೊಂದಿಸಿ ತುಂಬುತ್ತಿದ್ದೆವು. 2025ರ ಅಕ್ಟೋಬರ್ 4ರಿಂದ ಬ್ಯಾಂಕಿಗೆ ಬಂದ ಚೆಕ್ಕಿನ ಚಿತ್ರ ಅವತ್ತೇ ಕ್ಲಿಯರಿಂಗಿಗೆ ಹೋಗುತ್ತದೆ. ಪಾಸೋ ವಾಪಸ್ಸೋ ಎಂದು ನಮ್ಮ ಬ್ಯಾಂಕು ಸಂಜೆ ಏಳರ ಒಳಗೆ ಹೇಳಬೇಕು. ಬೆಳಿಗ್ಗೆ ಕೊಟ್ಟು ಸಂಜೆ ತುಂಬುವ ಲೆಕ್ಕ ಇನ್ನು ನಡೆಯುವುದಿಲ್ಲ.

ಮಾರದ ಕಾಫಿಯ ಮೇಲೆ ಚೆಕ್ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ರೇಟು ಇಳಿದರೆ ನಾವು ಮೂಟೆ ಇಟ್ಟುಕೊಂಡು ಕಾಯುತ್ತೇವೆ, ಚೆಕ್ ಕಾಯುವುದಿಲ್ಲ. ನಾನು ಅಂಗಡಿಯವರಿಗೆ 10,000 ಆಗಲೇ ಯುಪಿಐ ಮಾಡಿದೆ. ಉಳಿದದ್ದಕ್ಕೆ ಅವರ ಪುಸ್ತಕದಲ್ಲಿ ಸಹಿ ಹಾಕಿದೆ. ಒಪ್ಪಿಕೊಂಡರು. ಒಪ್ಪದಿದ್ದರೆ ತಾರೀಖನ್ನು ಮಾರ್ಚ್ ಕೊನೆಗೆ ತಳ್ಳಿಸಿ ಕೊಡುತ್ತಿದ್ದೆ.

ಡಿಡಿ

ಕಾಲೇಜಿನವರು ಡಿಡಿ ಅಂದರೆ ಡಿಡಿ, ಅಲ್ಲಿ ಆಯ್ಕೆ ಇಲ್ಲ. ಚೆಕ್ ಬೌನ್ಸ್ ಆಗಬಹುದು. ಡಿಡಿಯಲ್ಲಿ ಬ್ಯಾಂಕು ನಮ್ಮ ದುಡ್ಡು ಮೊದಲೇ ತೆಗೆದುಕೊಂಡಿರುತ್ತದೆ. ಹಾಗಾಗಿ ಗುರುತಿಲ್ಲದವರು ಅದನ್ನು ನಂಬುತ್ತಾರೆ. ಇದಕ್ಕೂ ಮೂರೇ ತಿಂಗಳ ಅವಧಿ. 50,000 ಅಥವಾ ಅದಕ್ಕಿಂತ ಜಾಸ್ತಿಯ ಡಿಡಿಯನ್ನು ನಗದು ಕೊಟ್ಟು ಮಾಡಿಸಲು ಆಗುವುದಿಲ್ಲ, ಖಾತೆಯಿಂದಲೇ ಆಗಬೇಕು. 2018ರ ಸೆಪ್ಟೆಂಬರ್ 15ರಿಂದ ಡಿಡಿ ಮಾಡಿಸಿದವರ ಹೆಸರೂ ಅದರ ಮೇಲೆ ಬರುತ್ತದೆ. ಮಗಳ ಹೆಸರಲ್ಲಿ ಬೇಕೋ ನಿಮ್ಮ ಹೆಸರಲ್ಲಿ ಸಾಕೋ ಎಂದು ಮೊದಲೇ ಕೇಳಿಕೊಳ್ಳಿ.

ಜಮೀನಿನ ಮುಂಗಡ: ಚೆಕ್, ಡಿಡಿ, ಆರ್‌ಟಿಜಿಎಸ್

ಮುಂಗಡ 3 ಲಕ್ಷ. ಮೊದಲನೆಯ ಮಾತು, ನಗದು ಬೇಡವೇ ಬೇಡ. ಜಮೀನು ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಅಕೌಂಟ್ ಪೇಯಿ ಚೆಕ್, ಅಕೌಂಟ್ ಪೇಯಿ ಡಿಡಿ, ಇಲ್ಲವೇ ಖಾತೆಯಿಂದ ಖಾತೆಗೆ ಕಳಿಸುವುದು, ಇಷ್ಟೇ ದಾರಿ.

ಚೆಕ್ಕಿನ ಗುಣ ಏನೆಂದರೆ ಅದು ಕರಾರಿನ ಮೇಜಿನ ಮೇಲೆ ಎಲ್ಲರ ಕಣ್ಣೆದುರು ಇರುತ್ತದೆ. ಚೆಕ್ ನಂಬರ್, ತಾರೀಖು, ಬ್ಯಾಂಕಿನ ಹೆಸರು ಕರಾರಿನಲ್ಲೇ ಬರೆಸಬಹುದು. ಮಾರುವವರಿಗೆ ಮಾತ್ರ ದುಡ್ಡು ಬರುವ ತನಕ ಅಳುಕು ಇದ್ದೇ ಇರುತ್ತದೆ.

50,000 ಮತ್ತು ಅದಕ್ಕಿಂತ ಮೇಲಿನ ಚೆಕ್ಕಿಗೆ ‘ಪಾಸಿಟಿವ್ ಪೇ’ ಎಂಬ ಏರ್ಪಾಡಿದೆ. 2021ರ ಜನವರಿ 1ರಿಂದ ಇದೆ. ಚೆಕ್ ಕೊಟ್ಟ ಕೂಡಲೇ ಅದರ ನಂಬರ್, ತಾರೀಖು, ಪಡೆಯುವವರ ಹೆಸರು, ಮೊತ್ತವನ್ನು ನಮ್ಮ ಬ್ಯಾಂಕಿಗೆ ತಿಳಿಸಿಡುವುದು. ಮೊಬೈಲ್ ಆ್ಯಪ್‌ನಲ್ಲಿ ಮಾಡಬಹುದು, ಶಾಖೆಗೆ ಹೋಗಿಯೂ ಬರೆದುಕೊಡಬಹುದು. ಚೆಕ್ ಬಂದಾಗ ಬ್ಯಾಂಕು ಎರಡನ್ನೂ ಹೋಲಿಸಿ ನೋಡುತ್ತದೆ. ಹೀಗೆ ತಿಳಿಸಿಟ್ಟ ಚೆಕ್ಕಿನಲ್ಲಿ ಯಾರಾದರೂ ಮೊತ್ತ ಹೆಚ್ಚಿಸಿ ಬರೆದರೆ ಆ ಮೋಸ ಇಲ್ಲಿ ಸಿಕ್ಕಿಬೀಳುತ್ತದೆ. 5 ಲಕ್ಷ ಮತ್ತು ಅದಕ್ಕಿಂತ ಮೇಲಿನ ಚೆಕ್ಕಿಗೆ ಇದನ್ನು ಕಡ್ಡಾಯ ಮಾಡುವ ಅಧಿಕಾರ ಬ್ಯಾಂಕುಗಳಿಗೆ ಇದೆ. ನಿಮ್ಮ ಶಾಖೆಯಲ್ಲಿ ಹೇಗೆ ಎಂದು ಕೇಳಿಕೊಳ್ಳದೆ ದೊಡ್ಡ ಚೆಕ್ ಕೊಟ್ಟರೆ ಅದು ವಾಪಸ್ ಬಂದೀತು.

ಆರ್‌ಟಿಜಿಎಸ್‌ಗೆ (ಖಾತೆಯಿಂದ ಖಾತೆಗೆ ಆಗಲೇ ದುಡ್ಡು ದಾಟಿಸುವ ವ್ಯವಸ್ಥೆ) ಕನಿಷ್ಠ 2 ಲಕ್ಷ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಎನ್‌ಇಎಫ್‌ಟಿ, ಅದೂ ಖಾತೆಯಿಂದ ಖಾತೆಗೇ, ಆದರೆ ಅರ್ಧ ಗಂಟೆಗೊಮ್ಮೆ ಹೊರಡುತ್ತದೆ. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ದಿನದ 24 ಗಂಟೆಯೂ ನಡೆಯುತ್ತದೆ. ಮೊಬೈಲ್‌ನಲ್ಲಿ ಮಾಡುವವರಿಗೆ ಭಾನುವಾರವೂ ಆಗುತ್ತದೆ. ಇದರಲ್ಲಿ ಹೆದರಿಕೆ ಒಂದೇ, ಖಾತೆ ನಂಬರಿನ ಒಂದು ಅಂಕಿ ತಪ್ಪಿದರೆ ದುಡ್ಡು ಇನ್ಯಾರಿಗೋ. ಮೊದಲು ಹೆಸರು ಏನೇ ಬರೆದರೂ ನಂಬರ್ ನೋಡಿಯೇ ಹಾಕುತ್ತಿದ್ದರು. 2025ರ ಏಪ್ರಿಲ್‌ನಿಂದ ಕಳಿಸುವ ಮುಂಚೆಯೇ ಆ ಖಾತೆ ಯಾರ ಹೆಸರಲ್ಲಿದೆ ಎಂದು ತೋರಿಸುವ ವ್ಯವಸ್ಥೆ ಬಂದಿದೆ. ಆ ಹೆಸರನ್ನು ಜೋರಾಗಿ ಓದಿ, ಎದುರಿಗಿದ್ದವರಿಂದ ಹೌದು ಅನ್ನಿಸಿಕೊಂಡೇ ಒತ್ತಿ.

ನಾನು ಮುಂಗಡಕ್ಕೆ ಅಕೌಂಟ್ ಪೇಯಿ ಚೆಕ್ ಕೊಟ್ಟು ಪಾಸಿಟಿವ್ ಪೇ ಮಾಡಿದೆ. ಮಾರಿದವರು ನಮ್ಮ ಪಕ್ಕದ ತೋಟದವರೇ, ಎರಡು ತಲೆಮಾರಿನ ಪರಿಚಯ. ನೋಂದಣಿಯ ದಿನದ ದೊಡ್ಡ ಮೊತ್ತಕ್ಕೆ ಮಾತ್ರ ಆರ್‌ಟಿಜಿಎಸ್ ಎಂದು ಇಬ್ಬರೂ ಒಪ್ಪಿಕೊಂಡೆವು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕುವ ಹೊತ್ತಿಗೆ ಅವರ ಮೊಬೈಲ್‌ಗೆ ಮೆಸೇಜ್ ಬಂದಿರಬೇಕು. ಡಿಡಿಯೂ ಆಗುತ್ತಿತ್ತು. ಆದರೆ ಕೈಗೆ ಬಂದ ಡಿಡಿ ಅಸಲಿಯೇ ಎಂದು ಅಲ್ಲಿ ನಿಂತು ಹೇಗೆ ನೋಡುವುದು? ಖಾತೆಗೆ ಬಂದ ದುಡ್ಡಿಗೆ ಆ ಅನುಮಾನ ಇಲ್ಲ.

ಖಾಲಿ ಚೆಕ್ಕನ್ನು ಯಾವುದಕ್ಕೂ ಹೋಲಿಸಬೇಡಿ

ಇದುವರೆಗೆ ಇದೋ ಅದೋ ಎಂದು ತೂಗಿ ನೋಡಿದೆ. ಇಲ್ಲಿ ತೂಗಲು ಏನೂ ಇಲ್ಲ. ಸಹಿ ಮಾಡಿದ ಖಾಲಿ ಚೆಕ್ಕನ್ನು ‘ಸೆಕ್ಯೂರಿಟಿಗೆ’ ಕೊಡಬೇಡಿ.

ಕಾಫಿ ರೇಟು ಬಿದ್ದಿದ್ದ ವರ್ಷವೊಂದರಲ್ಲಿ ನಮ್ಮ ಚಿಕ್ಕಪ್ಪ ಖಾಸಗಿಯಾಗಿ ಸಾಲ ಕೊಡುವವರೊಬ್ಬರಿಂದ ಒಂದು ಲಕ್ಷ ತಂದರು. ಭದ್ರತೆಗೆ ಎಂದು ಸಹಿ ಮಾಡಿದ ಎರಡು ಖಾಲಿ ಚೆಕ್ ಕೊಟ್ಟರು. ಸಾಲ ತೀರಿತು. ಒಂದು ಚೆಕ್ ವಾಪಸ್ ಬಂತು. ಇನ್ನೊಂದು ‘ಎಲ್ಲೋ ಇಟ್ಟಿದ್ದೀನಿ, ಹುಡುಕಿ ಕೊಡ್ತೀನಿ’ ಆಯಿತು. ಎರಡು ವರ್ಷದ ಮೇಲೆ ಅದೇ ಚೆಕ್ಕಿನಲ್ಲಿ ಮೂರೂವರೆ ಲಕ್ಷ ಬರೆದು ಬ್ಯಾಂಕಿಗೆ ಹಾಕಿದ್ದರು. ಖಾತೆಯಲ್ಲಿ ಅಷ್ಟು ಇರಲಿಲ್ಲ. ವಕೀಲರ ನೋಟಿಸ್ ಮನೆಗೆ ಬಂದ ದಿನ ಚಿಕ್ಕಮ್ಮ ಊಟ ಮಾಡಲಿಲ್ಲ.

ಬರೆದದ್ದು ನಾನಲ್ಲ, ಸಹಿ ಮಾತ್ರ ನನ್ನದು ಎಂದರೆ ತಪ್ಪಿಸಿಕೊಳ್ಳಬಹುದು ಎಂದು ಚಿಕ್ಕಪ್ಪ ನಂಬಿದ್ದರು. ಹಾಗಲ್ಲ. ಒಪ್ಪಿ ಸಹಿ ಮಾಡಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದ್ದರೂ, ಅದು ಬಾಕಿ ತೀರಿಸಲು ಕೊಟ್ಟದ್ದೇ ಎಂದು ಕೋರ್ಟು ಮೊದಲಿಗೆ ಭಾವಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬಾಕಿ ಇರಲಿಲ್ಲ ಎಂದು ತೋರಿಸುವ ಹೊರೆ ಸಹಿ ಮಾಡಿದವರದು. ಚಿಕ್ಕಪ್ಪನ ಹತ್ತಿರ ಸಾಲ ತೀರಿಸಿದ ರಸೀದಿ ಇರಲಿಲ್ಲ. ನಗದಾಗಿ ಕೊಟ್ಟಿದ್ದರು. ಕೊನೆಗೆ ರಾಜಿಯಲ್ಲಿ ಒಂದೂವರೆ ಲಕ್ಷ ಮತ್ತೆ ಕೊಟ್ಟು ಮುಗಿಸಿದರು.

ಚೆಕ್ ಬೌನ್ಸ್ ಆದರೆ ಲೆಕ್ಕ ಹೀಗೆ. ಬ್ಯಾಂಕಿನಿಂದ ವಾಪಸ್ ಬಂದ ವಿಷಯ ತಿಳಿದು 30 ದಿನದ ಒಳಗೆ ಚೆಕ್ ಪಡೆದವರು ನೋಟಿಸ್ ಕೊಡಬೇಕು. ನೋಟಿಸ್ ಕೈಗೆ ಬಂದ ಮೇಲೆ ದುಡ್ಡು ಕೊಡಲು 15 ದಿನ. ಕೊಡದಿದ್ದರೆ ಅದಾದ ಒಂದು ತಿಂಗಳ ಒಳಗೆ ಅವರು ಕೋರ್ಟಿಗೆ ಹೋಗಬಹುದು. ಶಿಕ್ಷೆ ಎರಡು ವರ್ಷದ ತನಕ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರ ತನಕ ದಂಡ, ಅಥವಾ ಎರಡೂ. ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, ಆ 15 ದಿನದ ಒಳಗೇ ವಕೀಲರನ್ನು ನೋಡಿ.

ಸಾಲ ಕೊಡುವವರು ಭದ್ರತೆಗೆ ಚೆಕ್ ಬೇಕೇ ಬೇಕು ಎಂದು ಹಟ ಹಿಡಿದರೆ, ಖಾಲಿ ಬಿಡದೆ ಅವರ ಹೆಸರು, ಸಾಲದ ಮೊತ್ತ, ತಾರೀಖು ಎಲ್ಲ ತುಂಬಿ ಅಕೌಂಟ್ ಪೇಯಿ ಮಾಡಿ ಕೊಡಿ. ಚೆಕ್ ನಂಬರ್ ಬರೆದ ಒಂದು ಪತ್ರಕ್ಕೆ ಅವರ ಸಹಿ ಹಾಕಿಸಿಕೊಳ್ಳಿ. ಸಾಲವನ್ನು ಖಾತೆಯಿಂದಲೇ ತೀರಿಸಿ. ಕೊನೆಯ ಕಂತನ್ನು ಕೊಡುವ ದಿನವೇ ಚೆಕ್ ವಾಪಸ್ ಇಸಿದುಕೊಳ್ಳಿ. ಕೊಡದಿದ್ದರೆ ಚೆಕ್ ನಂಬರ್ ಬರೆದು, ಸಾಲ ತೀರಿದೆ ಎಂದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ (ಆ ಚೆಕ್ಕಿಗೆ ದುಡ್ಡು ಕೊಡಬೇಡಿ ಎಂಬ ಸೂಚನೆ) ಬರೆದುಕೊಡಿ. ನಿಜವಾಗಿ ಬಾಕಿ ಇರುವಾಗ ಸ್ಟಾಪ್ ಪೇಮೆಂಟ್ ಮಾಡಿದರೆ ಕೇಸಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದನ್ನೂ ತಿಳಿದಿರಿ.

ಆ ರಾಜಿ ಮುಗಿದ ವಾರ ನಾನೂ ಚಿಕ್ಕಪ್ಪನೂ ಕೂತು ಅವರ ಟ್ರಂಕಿನಲ್ಲಿದ್ದ ಹಳೇ ಚೆಕ್ ಬುಕ್ಕುಗಳನ್ನೆಲ್ಲ ತೆಗೆದೆವು. ಒಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನದು. 2017ರಲ್ಲಿ ಎಸ್‌ಬಿಐ ಜೊತೆ ಸೇರಿದ ಬ್ಯಾಂಕು. ಇನ್ನೊಂದು 2020ರಲ್ಲಿ ಕೆನರಾದಲ್ಲಿ ಸೇರಿದ ಸಿಂಡಿಕೇಟಿನದು. ಇವೆರಡೂ ಈಗ ನಡೆಯುವುದಿಲ್ಲ. ಚಾಲ್ತಿಯಲ್ಲಿದ್ದ ಬುಕ್ಕಿನ ಹಾಳೆಗಳನ್ನು ನಂಬರ್ ನೋಡಿ ಒಂದೊಂದಾಗಿ ಎಣಿಸಿದೆವು. ಕೊನೆಯಲ್ಲಿ ಮೂರು ಹಾಳೆಗೆ ಸಹಿ ಬಿದ್ದಿತ್ತು. ‘ನಾನು ಊರಲ್ಲಿಲ್ಲದಾಗ ಅರ್ಜೆಂಟಿಗೆ ಇರಲಿ ಅಂತ ಹಾಕಿಟ್ಟಿದ್ದೆ ಕಣೋ’ ಅಂದರು. ಅವರೇ ಒಂದೊಂದರ ನಂಬರನ್ನೂ ಡೈರಿಯಲ್ಲಿ ಬರೆದುಕೊಂಡು, ಸಹಿ ಇದ್ದ ಜಾಗವನ್ನು ಚೂರು ಚೂರು ಮಾಡಿ ಬಚ್ಚಲ ಒಲೆಗೆ ಹಾಕಿದರು.